ಚೂಟಿಯ ಅತ್ತೆ

೧೪ ಜೂನ್ ೧೯೨೩

ಪ್ರೀತಿಯ ತಮ್ಮನಿಗೆ,

ಬಂದು ಸೇರಿದೆ. ರೈಲಿನಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತ್ತು, ಆದರೆ ದಾರಿಯಲ್ಲಿ ಏನಿತ್ತು ಎಂದು ಕೇಳಿದರೆ ಹೇಳಲಾರೆ. ಚೂಟಿ ಎದ್ದ ಮೇಲೆ ಏನಂದಳು, ನೀನು ಏನು ಹೇಳಿದಿ, ಅದನ್ನು ಮೊದಲು ಬರೆ. ನಿದ್ದೆಯಲ್ಲಿದ್ದ ನಾಲ್ಕು ವರ್ಷದ ಮಗಳನ್ನು ಬಿಟ್ಟು ಕಳ್ಳಿಯ ಹಾಗೆ ಹೊರಟಳು ಎಂದು ನಾಟಕದ ಕಂಪನಿಯವರೆಲ್ಲ ಆಡಿಕೊಂಡಿರುತ್ತಾರೆ. ಎಬ್ಬಿಸಿದ್ದರೆ ನಾನು ಹೊರಡುತ್ತಲೇ ಇರಲಿಲ್ಲ, ಅಷ್ಟೇ ಸಂಗತಿ.

ಸ್ಟುಡಿಯೊ ಎಂದರೆ ಗಾಜಿನ ಚಾವಣಿ ಹೊದಿಸಿದ ದೊಡ್ಡ ಗೋದಾಮು. ಬಿಸಿಲು ಇದ್ದರೆ ಕೆಲಸ, ಮೋಡ ಬಂದರೆ ಎಲ್ಲರೂ ಗೋಡೆಗೆ ಒರಗಿ ಚಹಾ ಕುಡಿಯುವುದು. ಒಂದು ಮೂಲೆಯಲ್ಲಿ ಅರಮನೆ, ಅದರ ಬೆನ್ನಿಗೆ ಜೈಲು. ನೀನು ಬರೆಯುವ ಪರದೆಗಳ ಮುಂದೆ ಇವರ ಅರಮನೆ ಏನೇನೂ ಅಲ್ಲ, ಇದನ್ನು ಸುಳ್ಳು ಹೊಗಳಿಕೆ ಅಂದುಕೊಳ್ಳಬೇಡ.

ಮೊದಲ ದಿನ ನಾನು ನಮ್ಮ ರಂಗದ ಅಭ್ಯಾಸದಂತೆ ಕೊನೆಯ ಸಾಲಿಗೂ ಕೇಳುವ ಹಾಗೆ ಮಾತು ಹೇಳಿದೆ. ಕ್ಯಾಮೆರಾದವರು ಕಪ್ಪು ಬಟ್ಟೆಯಿಂದ ತಲೆ ಹೊರಗೆ ಹಾಕಿ, "ಯಾರ ಜತೆ ಜಗಳ ಆಡ್ತಿದೀರಿ, ಅಮ್ಮಾ?" ಅಂದರು. ಎಲ್ಲರೂ ನಕ್ಕರು. ನಿರ್ದೇಶಕರು ಮಾತ್ರ ಹತ್ತಿರ ಬಂದು, "ನಿಮ್ಮ ಗಂಟಲು ಇಲ್ಲಿ ಯಾರಿಗೂ ಬೇಡ. ಕಣ್ಣಲ್ಲಿ ಹೇಳಿ, ಸಾಕು" ಅಂದರು. ಹೇಳಿದೆ. ಆಮೇಲೆ ಯಾರೂ ನಗಲಿಲ್ಲ.

ನಿನ್ನ ಭಾವ ತೀರಿಕೊಂಡ ಮೇಲೆ ಕಂಪನಿಯ ಯಜಮಾನರು ನನ್ನನ್ನು ಮುದುಕಿಯರ ಪಾತ್ರಕ್ಕೆ ತಳ್ಳಿದರಲ್ಲ, ಇಲ್ಲಿ ಮತ್ತೆ ರಾಣಿಯಾಗಿದ್ದೇನೆ. ಹೊಟ್ಟೆಪಾಡಿಗೆ ಬಂದೆ ಎಂದು ನೀನು ಊರವರಿಗೆ ಹೇಳಬಹುದು. ನಿನಗೆ ಮಾತ್ರ ನಿಜ ಹೇಳುತ್ತೇನೆ: ನನಗೆ ಆಸೆಯಾಯಿತು, ಬಂದೆ.

ಒಂದು ವರ್ಷ. ಒಂದು ಮನೆ ಅಂತ ಮಾಡಿದ ಕೂಡಲೇ ಬಂದು ಚೂಟಿಯನ್ನು ಕರೆದುಕೊಂಡು ಹೋಗುತ್ತೇನೆ. ಮಲಗುವಾಗ ಅವಳಿಗೆ ಯಾರದಾದರೂ ಕಿವಿ ಹಿಡಿದುಕೊಳ್ಳಲು ಬೇಕು. ನಿನ್ನ ಹೆಂಡತಿಗೆ ಹೇಳು, ಕಿವಿಯೋಲೆ ತೆಗೆದಿಟ್ಟು ಮಲಗಲಿ, ಇಲ್ಲದಿದ್ದರೆ ಎಳೆದುಬಿಡುತ್ತಾಳೆ.

ನಿನ್ನ ಅಕ್ಕ


೩ ಆಗಸ್ಟ್ ೧೯೨೩

ಅಕ್ಕನಿಗೆ,

ನಿನ್ನ ಕಾಗದ ನಮ್ಮ ಹಿಂದೆ ಎರಡು ಊರು ಅಲೆದು ಬಂದು ಸೇರಿತು. ಚೂಟಿ ಎದ್ದವಳು ಮೊದಲು ರಂಗದ ಹಿಂದೆ ಹೋಗಿ ನೋಡಿದಳು. ಬಣ್ಣದ ಪೆಟ್ಟಿಗೆಗಳ ಸಂದಿಯಲ್ಲಿ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, "ಅಮ್ಮ ಯಾವ ಅಂಕದಲ್ಲಿ ಬರ್ತಾಳೆ?" ಎಂದು ಕೇಳಿದಳು. ಕೊನೆಯ ಅಂಕದಲ್ಲಿ ಅಂದೆ. ನಾಟಕದ ಮಗುವಲ್ಲವೇ, ಒಪ್ಪಿಕೊಂಡಳು. ಅಳಲಿಲ್ಲ ಎಂದರೆ ನೀನು ನಂಬುವುದಿಲ್ಲ, ಅತ್ತಳು. ಈಗ ಕಡಿಮೆಯಾಗಿದೆ.

ಇವಳು ಕಿವಿಯೋಲೆ ತೆಗೆದಿಟ್ಟಿದ್ದಾಳೆ. ನಮ್ಮ ಕೂಸು ಹೋದಾಗಿನಿಂದ ಇವಳು ನಕ್ಕಿದ್ದನ್ನೇ ನಾನು ನೋಡಿರಲಿಲ್ಲ. ಮೊನ್ನೆ ಇಬ್ಬರೂ ಸೇರಿ ಹಾಸಿಗೆಯ ಕೆಳಗೆ ಬೆಕ್ಕು ಹುಡುಕುತ್ತಾ ಬಿದ್ದು ಬಿದ್ದು ನಗುತ್ತಿದ್ದರು. ನೀನು ಸಂತೋಷಪಡುತ್ತೀ ಎಂದು ಬರೆದೆ.

ಯಜಮಾನರು ನಿನ್ನ ಹೆಸರು ಎತ್ತಿದರೆ ಉರಿದು ಬೀಳುತ್ತಾರೆ. ನಿನ್ನ ಪಾತ್ರವನ್ನು ಹೊಸ ಹುಡುಗನಿಗೆ ಸೀರೆ ಉಡಿಸಿ ಕೊಟ್ಟಿದ್ದರು. ಶೋಕದ ದೃಶ್ಯದಲ್ಲಿ ಅವನ ಕೂದಲಿನ ಟೋಪಿ ರಾಜನ ಕೈಗೆ ಬಂತು. ಜನ ಮತ್ತೊಮ್ಮೆ ಎಂದು ಕೂಗಿದರು.

ವರ್ಷ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹೋಗುತ್ತದೆ. ಯೋಚಿಸಬೇಡ.

ನಿನ್ನ ತಮ್ಮ


೨೦ ಫೆಬ್ರವರಿ ೧೯೨೪

ಪ್ರೀತಿಯ ತಮ್ಮನಿಗೆ,

ಚಿತ್ರ ಮುಗಿಯಿತು. ನನ್ನನ್ನು ನಾನೇ ನೋಡಿದೆ. ಗೋಡೆಯಷ್ಟು ದೊಡ್ಡ ಮುಖ, ಮೂಗಿನ ಪಕ್ಕದ ಮಚ್ಚೆ ಕುಂಬಳಕಾಯಿಯಷ್ಟಿತ್ತು. ಅಷ್ಟು ದೊಡ್ಡವಳಾಗಿ ಒಂದು ಮಾತೂ ಆಡದೆ ಕೂತಿರುವುದು ನೋಡಿ ನನಗೇ ಭಯವಾಯಿತು. ಆದರೆ ಜನ ಉಸಿರು ಹಿಡಿದು ನೋಡಿದರು. ರಂಗದ ಮೇಲೆ ನಮಗೆ ಅಂಥ ನಿಶ್ಶಬ್ದ ಎಂದೂ ಸಿಕ್ಕಿರಲಿಲ್ಲ, ಯಾರಾದರೊಬ್ಬ ಕಡಲೆ ತಿಂದೇ ತಿನ್ನುತ್ತಿದ್ದ.

ಈಗ ಬಿಸಿಲಿಗೆ ಕಾಯುವ ಹಾಗಿಲ್ಲ. ಗಾಜಿನ ಚಾವಣಿಗೆ ಕಪ್ಪು ಬಳಿದು ಒಳಗೆ ದೊಡ್ಡ ದೀಪಗಳನ್ನು ತಂದು ನಿಲ್ಲಿಸಿದ್ದಾರೆ. ಎರಡು ಇದ್ದಿಲ ಕಡ್ಡಿಗಳ ನಡುವೆ ಸೀಳಿಕೊಂಡು ಉರಿಯುವ ಬೆಳಕು, ಜತೆಗೆ ಸಿಡಿಯುವ ಸದ್ದು, ಹೊಗೆ. ಮುಖದ ಹತ್ತಿರದ ಚಿತ್ರ ತೆಗೆಯುವಾಗ ಅದು ಒಂದು ಮಾರಿನಷ್ಟು ದೂರದಲ್ಲಿರುತ್ತದೆ. "ಕಣ್ಣು ಮಿಟುಕಿಸಬೇಡಿ" ಎನ್ನುತ್ತಾರೆ. ಸಂಜೆ ಮನೆಗೆ ಬಂದರೆ ಕಣ್ಣಲ್ಲಿ ಮರಳು ತುಂಬಿದ ಹಾಗೆ. ಎಲ್ಲರಿಗೂ ಹೀಗೇ, ಇಲ್ಲಿ ಇದಕ್ಕೆ ದೀಪದ ಜ್ವರ ಎನ್ನುತ್ತಾರೆ. ನನ್ನ ಜತೆ ಕೋಣೆಯಲ್ಲಿರುವ ಸ್ಟುಡಿಯೊದ ಹೊಲಿಗೆಯಮ್ಮ ಹಸಿ ಆಲೂಗಡ್ಡೆ ಹೋಳು ಮಾಡಿ ರೆಪ್ಪೆಯ ಮೇಲೆ ಇಡುತ್ತಾಳೆ. ಎರಡು ದಿನಕ್ಕೆ ಸರಿಹೋಗುತ್ತದೆ.

ನಿರ್ದೇಶಕರು ಇನ್ನೊಂದು ಚಿತ್ರಕ್ಕೆ ಒಪ್ಪಿಸಿದ್ದಾರೆ. ಅದು ಮುಗಿದ ಮೇಲೆ ಬೇಸಿಗೆಯಲ್ಲಿ ಖಂಡಿತ. ಚೂಟಿಗೆ ಹೇಳು, ಕೊನೆಯ ಅಂಕ ಹತ್ತಿರ ಬಂತು.

ನಿನ್ನ ಅಕ್ಕ


೯ ಡಿಸೆಂಬರ್ ೧೯೨೪

ಅಕ್ಕನಿಗೆ,

ಬೇಸಿಗೆ ಬಂತು, ಹೋಯಿತು. ನೀನು ಬರುತ್ತೀ ಎಂದು ಚೂಟಿಗೆ ಹೊಸ ಫ್ರಾಕು ಹೊಲಿಸಿದ್ದೆವು, ಅದು ಈಗ ಮೊಣಕಾಲಿನ ಮೇಲಕ್ಕೆ ಏರಿದೆ. ಬೇಸರದಿಂದ ಹೇಳುತ್ತಿಲ್ಲ. ಮಕ್ಕಳು ಬೆಳೆಯುತ್ತಾರೆ.

ಕಂಪನಿ ಮುಚ್ಚಿತು. ಕೊನೆಯ ಆಟಕ್ಕೆ ಮೊದಲ ಮೂರು ಸಾಲು ಮಾತ್ರ ತುಂಬಿತ್ತು, ಅದರಲ್ಲೂ ಅರ್ಧ ನಮ್ಮವರೇ. ಯಜಮಾನರು ಪರದೆಗಳನ್ನು ಹರಾಜು ಹಾಕಿದರು. ನಾನು ಬರೆದ ಕಾಡಿನ ಪರದೆ ಈಗ ಯಾವುದೋ ಗಾಡಿಯ ಮೇಲೆ ಹೊದಿಕೆಯಾಗಿದೆ. ನಾವು ಈ ಊರಿನಲ್ಲಿ ನಿಂತಿದ್ದೇವೆ. ಇಲ್ಲಿನ ಸಿನಿಮಾ ಮಂದಿರಕ್ಕೆ ಬೋರ್ಡು ಬರೆಯುವ ಕೆಲಸ ಸಿಕ್ಕಿದೆ. ಹಿಂಬದಿಯ ಬೀದಿಯಲ್ಲಿ ಎರಡು ಕೋಣೆ, ಮೇಲೆ ಬಿಸಿಲುಮಚ್ಚಿನಲ್ಲಿ ಇನ್ನೊಂದು ಚಿಕ್ಕದು.

ಚೂಟಿಗೆ ವಿಪರೀತ ಜ್ವರ ಬಂದಿತ್ತು. ಈಗ ಹುಷಾರಾಗಿದ್ದಾಳೆ, ಗಾಬರಿ ಬೇಡ. ವೈದ್ಯರು ಒಂದು ಹಂತದಲ್ಲಿ ಕೈಚೆಲ್ಲಿದ್ದರು. ಇವಳು ಮಗುವಿನ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಜ್ವರ ಇಳಿದು ಕಣ್ಣು ಬಿಟ್ಟಾಗ ಮಗು ಇವಳ ಮುಖ ನೋಡಿ "ಅಮ್ಮಾ" ಅಂದಳು. ಜ್ವರದ ಮಾತು ಅದು. ಆದರೂ ನಿನಗೆ ತಿಳಿಸದೆ ಇರುವುದು ಸರಿಯಲ್ಲ ಅನಿಸಿತು.

ನಿನ್ನ ತಮ್ಮ


೨ ಜನವರಿ ೧೯೨೫

ತಮ್ಮನಿಗೆ,

ಕೈಚೆಲ್ಲಿದ್ದರು ಎಂದು ಈಗ ಬರೆಯುತ್ತೀಯಲ್ಲ. ಆಗ ಒಂದು ತಂತಿ ಕಳಿಸಿದ್ದರೆ ಬಣ್ಣದ ಮುಖದಲ್ಲೇ ರೈಲು ಹತ್ತುತ್ತಿದ್ದೆ. ಇರಲಿ, ಬದುಕಿದಳಲ್ಲ. ನಿನ್ನ ಹೆಂಡತಿಯ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ.

ಜ್ವರದಲ್ಲಿ ಕರೆದದ್ದಕ್ಕೆ ಏನೂ ಅನ್ನಬಾರದು. ಈಗ ಜ್ವರ ಬಿಟ್ಟಿದೆಯಲ್ಲವೇ?

ಒಂದು ನೀಲಿ ಫ್ರಾಕು ಕಳಿಸಿದ್ದೇನೆ. ಹೊಲಿಗೆಯಮ್ಮನೇ ಹೊಲಿದದ್ದು. ಎಷ್ಟು ಎತ್ತರ ಎಂದು ಕೇಳಿದಳು, ನಾನು ನನ್ನ ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದೆ, ಆಮೇಲೆ ಸ್ವಲ್ಪ ಮೇಲೆ ಇಟ್ಟೆ, ಮತ್ತೆ ಕೆಳಗೆ. ಅವಳು, "ನಡುವೆ ಇಟ್ಕೊಳ್ಳೋಣ, ಅಂಚು ಬಿಚ್ಚೋ ಹಾಗೆ ಹೊಲೀತೀನಿ" ಅಂದಳು.

ನಿನ್ನ ಅಕ್ಕ


೧೭ ಅಕ್ಟೋಬರ್ ೧೯೨೬

ಅಕ್ಕನಿಗೆ,

ನಿನ್ನ ಚಿತ್ರ ನಮ್ಮ ಊರಿಗೆ ಬಂದಿದೆ. ಕಳೆದುಹೋದ ಮಗಳನ್ನು ಹುಡುಕುವ ತಾಯಿಯ ಕಥೆ. ಮಂದಿರದ ಮುಂದಿನ ಬೋರ್ಡಿನಲ್ಲಿ ನಿನ್ನ ಮುಖವನ್ನು ನಾನೇ ಬರೆದೆ. ಏಣಿ ಹಾಕಿ ಒಂದು ಕಣ್ಣು ಬರೆದು ಕೆಳಗಿಳಿದು ನೋಡುವುದು, ಮತ್ತೆ ಹತ್ತಿ ಇನ್ನೊಂದು ಕಣ್ಣು. ಮಂದಿರದ ಮ್ಯಾನೇಜರು, "ಏನಯ್ಯಾ, ಪರಿಚಯದವರ ಹಾಗೆ ಬರೆದಿದೀಯ" ಅಂದ. ನಾನು ನಕ್ಕು ಮತ್ತೆ ಏಣಿ ಹತ್ತಿದೆ.

ಆ ಸಂತೆಯ ದೃಶ್ಯದಲ್ಲಿ ನೀನು ಮಗುವಿನ ಪಕ್ಕದಲ್ಲೇ ಹಾದುಹೋಗುತ್ತೀ. ಅದು ನಿನ್ನ ಕಡೆ ಕೈ ಚಾಚಿದೆ, ನೀನು ಅದರ ತಲೆಯ ಮೇಲಿಂದ ಎಲ್ಲೋ ದೂರ ನೋಡುತ್ತಾ ಹೋಗುತ್ತೀ. ಇಡೀ ಮಂದಿರ ಬಿಕ್ಕಳಿಸಿತು. ಯಾರು ಹೇಳಿಕೊಟ್ಟರು ಅಕ್ಕ ನಿನಗೆ ಅಂಥ ನೋಟ? ಎದುರಿಗೆ ಇರುವುದನ್ನು ಕಾಣದ ಹಾಗೆ ಮಾಡುವುದು ಎಷ್ಟು ಕಷ್ಟ ಎಂದು ನಾಟಕದಲ್ಲಿದ್ದ ನನಗೆ ಗೊತ್ತು. ಅಲ್ಲಿಯವರು ನಿನ್ನನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿರಬೇಕು.

ಇನ್ನೊಂದು ವಿಷಯ. ಹೇಗೆ ಬರೆಯಲಿ ಎಂದು ಗೊತ್ತಾಗುತ್ತಿಲ್ಲ. ಈ ಬೀದಿಗೆ ಬಂದಾಗ ಎಲ್ಲರೂ ಚೂಟಿಯನ್ನು ನಮ್ಮ ಮಗಳೆಂದೇ ತಿಳಿದರು. ನಾವು ಅಲ್ಲ ಅನ್ನಲಿಲ್ಲ. ಸಿನಿಮಾದ ಹೆಂಗಸರ ಬಗ್ಗೆ ಇಲ್ಲಿ ಜನ ಏನೇನು ಮಾತಾಡುತ್ತಾರೆ ಎಂದು ನಿನಗೆ ಹೇಳಬೇಕಾಗಿಲ್ಲ. ಈ ಮೂರು ವರ್ಷದಲ್ಲಿ ಅವಳಿಗೆ ನಿನ್ನ ಮುಖ ಮರೆತಿದೆ. ಬೋರ್ಡು ನೋಡಿ ಚೂಟಿ, "ಇವರು ಯಾರು?" ಎಂದು ಕೇಳಿದಳು. ನನ್ನ ಬಾಯಿಂದ "ನಿನ್ನ ಅತ್ತೆ" ಎಂದು ಬಂದುಬಿಟ್ಟಿತು. ನನ್ನ ಅಕ್ಕ ಅವಳಿಗೆ ಅತ್ತೆಯೇ ಆಗಬೇಕು, ಅವಳು ನನ್ನನ್ನು ಅಪ್ಪ ಎಂದು ಕರೆಯುವಾಗ. ನೀನು ಬಂದ ದಿನ ಎಲ್ಲ ಸರಿಮಾಡೋಣ. ಈಗ ಇದರ ಜತೆಗೆ ಅವಳು ಬರೆದ ನಾಲ್ಕು ಸಾಲು ಇಟ್ಟಿದ್ದೇನೆ. ತಿದ್ದಿಲ್ಲ.

ನಿನ್ನ ತಮ್ಮ

*ಅತ್ತೆಗೆ. ನಾನು ನಿಮ್ಮ ಸಿನಿಮ ನೋಡಿದೆ. ಆ ಹುಡುಗಿ ಅಲ್ಲೇ ಇದ್ದಳು. ನೀವು ಯಾಕೆ ನೋಡಲಿಲ್ಲ. ನಾನು ಕೂಗಿದೆ ಅಮ್ಮ ಬಾಯಿ ಮುಚ್ಚಿದರು. ಚೂಟಿ.*


೫ ನವೆಂಬರ್ ೧೯೨೬

ತಮ್ಮನಿಗೆ,

ಅಕ್ಷರ ದೊಡ್ಡದಾಗಿದೆ ಎಂದು ನಗಬೇಡ. ಇಲ್ಲಿನ ಮಸಿ ತೆಳು, ಲೇಖನಿ ದಪ್ಪ.

ಅತ್ತೆ ಅಂತಲೇ ಇರಲಿ. ನೀನು ಮಾಡಿದ್ದರಲ್ಲಿ ತಪ್ಪು ಹುಡುಕಲು ನನಗೆ ಯಾವ ಮುಖವಿದೆ. ಆ ನಾಲ್ಕು ಸಾಲನ್ನು ಹೊಲಿಗೆಯಮ್ಮ ಎರಡು ಸಲ ಓದಿ ಹೇಳಿದಳು. ಆಮೇಲೆ ಹೊಲಿಗೆಯಂತ್ರದ ಮುಂದೆ ಕೂತು ಒಂದೇ ಸಮನೆ ತುಳಿಯತೊಡಗಿದಳು.

ಚೂಟಿಗೆ ಹೀಗೆ ಹೇಳು: ಅತ್ತೆಗೆ ನಿಜವಾಗಲೂ ಕಾಣಿಸಲಿಲ್ಲವಂತೆ. ಕೂಗಿದ್ದು ಒಳ್ಳೆಯದಾಯಿತಂತೆ.

ಅಕ್ಕ


೨೪ ಜುಲೈ ೧೯೨೮

ಅಕ್ಕನಿಗೆ,

ಎರಡು ವರ್ಷದಲ್ಲಿ ನಿನ್ನಿಂದ ಬಂದದ್ದು ಮೂರು ಪಾರ್ಸೆಲ್ಲು, ಒಂದು ಕಾರ್ಡು. ಎಲ್ಲದರಲ್ಲೂ ಒಂದೇ ಮಾತು, ಮುಂದಿನ ತಿಂಗಳು ಬರುತ್ತೇನೆ. ದಯವಿಟ್ಟು ಇನ್ನು ಹಾಗೆ ಬರೆಯಬೇಡ.

ಪತ್ರಿಕೆಯಲ್ಲಿ ನಿನ್ನ ಚಿತ್ರ ನೋಡಿದೆ. ಕಪ್ಪು ಕನ್ನಡಕ ಹಾಕಿಕೊಂಡು ಯಾವುದೋ ಹೋಟೆಲಿನ ಹಜಾರದಲ್ಲಿ ಕೂತಿದ್ದೀ, ಯಾರದೋ ತೋಳು ಹಿಡಿದುಕೊಂಡು. ಕೆಳಗೆ, "ತಾರೆಗೆ ವಿಶ್ರಾಂತಿ" ಎಂದು ಬರೆದಿದ್ದರು. ಪಕ್ಕದ ಮನೆಯಾಕೆ ತಂದು ತೋರಿಸಿ, "ನಿಮ್ಮ ನಾದಿನಿ ಅಂತೀರಲ್ಲ, ಭಾರಿ ಬಿಂಕದವರು" ಎಂದು ಇವಳಿಗೆ ಹೇಳಿ ಹೋದಳು.

ನಿನಗೆ ಬರಲು ಮನಸ್ಸಿಲ್ಲ ಎಂದರೆ ಹೇಳು. ಅದರಿಂದ ಯಾರೂ ಸಾಯುವುದಿಲ್ಲ. ಅಂಚೆಯವನು ಬೀದಿಯ ತಿರುವಿನಲ್ಲಿ ಕಂಡರೆ ಇವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಬಾಗಿಲಲ್ಲಿ ನಿಲ್ಲುತ್ತಾಳೆ. ಒಂದಲ್ಲ ಒಂದು ದಿನ ನೀನು ಮಗುವನ್ನು ಕರೆದುಕೊಂಡು ಹೋಗುತ್ತೀ ಎಂಬ ಹೆದರಿಕೆ. ಹೀಗೆ ನೇತುಹಾಕಿ ಇಡಬೇಡ ಅಕ್ಕ. ಬಾ, ಇಲ್ಲವೇ ಬರುವುದಿಲ್ಲ ಅನ್ನು.

ತಮ್ಮ


೧೧ ಆಗಸ್ಟ್ ೧೯೨೮

ತಮ್ಮನಿಗೆ,

ನೀನು ಕೇಳಿದ್ದು ಸರಿ. ಇಲ್ಲಿ ನನಗೆ ಕೆಲಸ ಹೆಚ್ಚು. ಹುಡುಗಿಯನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ. ನಿಮ್ಮ ಹತ್ತಿರವೇ ಇರಲಿ, ನಿಮ್ಮ ಮಗಳಾಗಿಯೇ ಇರಲಿ. ನಿನ್ನ ಹೆಂಡತಿಗೆ ಹೇಳು, ಇನ್ನು ಪಾತ್ರೆ ಕೆಳಗಿಡಬೇಕಾಗಿಲ್ಲ.

ನಾನು ಬರುವುದಿಲ್ಲ.

ಅಕ್ಕ


೧೯ ಮಾರ್ಚ್ ೧೯೩೧

ಅಕ್ಕನಿಗೆ,

ಉತ್ತರ ಬರುವುದಿಲ್ಲ ಎಂದು ಗೊತ್ತು, ಆದರೂ ಬರೆಯುತ್ತಿದ್ದೇನೆ. ನಿನ್ನ ಆ ಕಾಗದ ಓದಿ ಇವಳು ಎಷ್ಟು ದಿನದ ಭಾರ ಇಳಿಯಿತು ಎಂದು ಉಸಿರು ಬಿಟ್ಟಳು, ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಒಳ್ಳೆಯದು, ಅದು ಇರುವಷ್ಟು ದಿನ ಬೇರೆ ಏನನ್ನೂ ಯೋಚಿಸಬೇಕಾಗಿಲ್ಲ. ಈಗ ಅದೂ ಇಲ್ಲ.

ನಿನ್ನ ಮುಖ ಬರೆಯದೆ ಬಹಳ ಕಾಲವಾಯಿತು. ಹೊಸ ಚಿತ್ರಗಳಲ್ಲಿ ನಿನ್ನನ್ನು ಹುಡುಕುತ್ತೇನೆ. ಒಂದರಲ್ಲಿ ನೀನು ನಾಯಕನ ತಾಯಿಯಾಗಿ ಕುರ್ಚಿಯಲ್ಲಿ ಕೂತಿದ್ದೆ. ಇನ್ನೊಂದರಲ್ಲಿ ಹಾಸಿಗೆ ಹಿಡಿದ ಅಜ್ಜಿ. ನಡೆಯುವ ಪಾತ್ರವನ್ನೇ ಕೊಡುವುದಿಲ್ಲವೇ ಅವರು? ಅಥವಾ ನೀನೇ ಸೋಮಾರಿಯಾಗಿದ್ದೀಯೋ?

ಚೂಟಿ ಉದ್ದ ಬೆಳೆದಿದ್ದಾಳೆ. ಶಾಲೆಯಲ್ಲಿ ಪದ್ಯ ಹೇಳಿದರೆ ಹೊರಗೆ ರಸ್ತೆಯಲ್ಲಿ ಹೋಗುವವರು ನಿಲ್ಲುತ್ತಾರೆ. ಗಂಟಲು ಯಾರದು ಎಂದು ನಾನು ಯಾರಿಗೂ ಹೇಳುವ ಹಾಗಿಲ್ಲ.

ನಿನ್ನ ತಮ್ಮ


೩೦ ಸೆಪ್ಟೆಂಬರ್ ೧೯೩೩

ಪ್ರೀತಿಯ ತಮ್ಮನಿಗೆ,

ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ, ಇದು ನನ್ನ ಕೈ ಅಲ್ಲ. ನಾನು ಹೇಳುತ್ತಿದ್ದೇನೆ, ಹೊಲಿಗೆಯಮ್ಮ ಬರೆಯುತ್ತಿದ್ದಾಳೆ. ಅವಳು ಸುಂದರವಾಗಿ ಬರೆಯುವುದಿಲ್ಲ, ನೇರವಾಗಿ ಬರೆಯುತ್ತಾಳೆ. (ನಾನು ಹೊಲಿಯೋಳು, ಬರೆಯೋಳಲ್ಲ. ತಪ್ಪಿದ್ದರೆ ಕ್ಷಮಿಸಬೇಕು.)

ನನಗೆ ಕಣ್ಣು ಕಾಣುವುದಿಲ್ಲ. ಹಗಲು ಎಂದರೆ ಬಿಳಿ, ಸಂಜೆ ಎಂದರೆ ಕಂದು, ಅಷ್ಟೇ ಉಳಿದಿದೆ. ಆ ದೀಪಗಳಿಂದ ಆದದ್ದು. ನೀನು ಹೊಗಳಿದೆಯಲ್ಲ, ಸಂತೆಯ ದೃಶ್ಯ, ಆಗಲೇ ಅರ್ಧ ಹೋಗಿತ್ತು. ಆ ಮಗು ಯಾವ ಕಡೆ ನಿಂತಿತ್ತು ಎಂದು ನನಗೆ ತಿಳಿದಿರಲಿಲ್ಲ. ನಿರ್ದೇಶಕರು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಇಂಥದ್ದು ನಾನು ನೋಡೇ ಇಲ್ಲ" ಅಂದರು. ನಾನು ನಕ್ಕುಬಿಟ್ಟೆ. ಏನು ಹೇಳಲಿ? ಹೇಳಿದ್ದರೆ ಮರುದಿನದಿಂದ ಕೆಲಸವಿಲ್ಲ. ವೈದ್ಯರು, "ದೀಪದಿಂದ ದೂರ ಇರಿ" ಅಂದರು. ಮೀನಿಗೆ ನೀರಿನಿಂದ ದೂರ ಇರು ಎಂದ ಹಾಗೆ.

ಪತ್ರಿಕೆಯ ಚಿತ್ರದಲ್ಲಿ ನಾನು ಹಿಡಿದಿದ್ದ ತೋಳು ಈ ಹೊಲಿಗೆಯಮ್ಮನದೇ. ಅದು ಹೋಟೆಲಿನ ಹಜಾರವಲ್ಲ, ಕಣ್ಣಿನ ಆಸ್ಪತ್ರೆ.

ಕುರ್ಚಿಯ ಪಾತ್ರ, ಹಾಸಿಗೆಯ ಪಾತ್ರ ಎಂದು ಹೇಗೋ ತಳ್ಳುತ್ತಿದ್ದೆ. ಅಷ್ಟರಲ್ಲಿ ಮಾತಾಡುವ ಚಿತ್ರ ಬಂತು. ಮುಖ ಮಾತ್ರ ಇದ್ದ ಹುಡುಗಿಯರೆಲ್ಲ ನಡುಗಿದರು, ನಾಟಕದಿಂದ ಬಂದವರನ್ನು ಕರೆಸಿದರು. ಇಷ್ಟು ವರ್ಷ ಬೇಡವಾಗಿದ್ದ ನನ್ನ ಗಂಟಲು ಈಗ ಬೇಕಾಯಿತು. ತಮ್ಮಾ, ನನಗೆ ಆಸೆಯಾಯಿತು. ಇಷ್ಟಾದ ಮೇಲೂ ಆಸೆಯಾಯಿತು.

ಮಾತೆಲ್ಲ ಕೇಳಿ ಬಾಯಿಪಾಠ ಮಾಡಿದೆ. ನಾನು ಎಲ್ಲಿ ನಿಲ್ಲಬೇಕೋ ಅಲ್ಲಿ ಜಮಖಾನದ ಅಂಚಿಗೆ ಹೊಲಿಗೆಯಮ್ಮ ದಪ್ಪ ದಾರದ ಗಂಟುಗಳನ್ನು ಹಾಕಿಕೊಟ್ಟಳು, ಪಾದಕ್ಕೆ ತಿಳಿಯುವ ಹಾಗೆ. ಮೊದಲ ದೃಶ್ಯ ಬೆಳಿಗ್ಗೆ ತೆಗೆದರು. ಶಬ್ದದ ಡಬ್ಬಿಯಲ್ಲಿ ಕೂತವನು ಹೊರಗೆ ಬಂದು, "ಇದು ಗಂಟಲು ಅಂದ್ರೆ" ಅಂದನಂತೆ. ಮಧ್ಯಾಹ್ನ ಊಟಕ್ಕೆ ಹೋದಾಗ ಯಾರೋ ಜಮಖಾನ ತಿರುಗಿಸಿ ಹಾಸಿದ್ದಾರೆ. ಬೇರೆ ಕಾರಣವೇನಿಲ್ಲ, ಒಂದು ಕಡೆ ಚಹಾ ಚೆಲ್ಲಿತ್ತು.

ಮನೆ ಬಿಟ್ಟು ಹೊರಟ ಮಗನನ್ನು ತಡೆಯುವ ದೃಶ್ಯ. ನಾನು ಪೂರ್ತಿ ಮಾತು ಹೇಳಿದೆ. ಎಲ್ಲಿಯೂ ತಡವರಿಸಲಿಲ್ಲ. ಕೊನೆಯಲ್ಲಿ ಕೈಯೆತ್ತಿ ಮಗನ ಕೆನ್ನೆ ಮುಟ್ಟಬೇಕು, ಮುಟ್ಟಿದೆ. ತಣ್ಣಗಿತ್ತು. ಅದು ಕಂಬ. ಮಗನಾಗಿದ್ದ ನಟ ನನ್ನ ಬೆನ್ನ ಹಿಂದೆ ನಿಂತಿದ್ದ. ಯಾರೋ ಕಿಸಕ್ಕೆಂದರು, ಆಮೇಲೆ ಅದೂ ನಿಂತಿತು. ಯಂತ್ರ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ನಿರ್ದೇಶಕರು ಹತ್ತಿರ ಬಂದು ಮೆಲ್ಲಗೆ, "ಎಷ್ಟು ದಿನದಿಂದ?" ಎಂದು ಕೇಳಿದರು. ಅವರೇ ನನ್ನ ಕೈ ಹಿಡಿದು ಬಾಗಿಲ ತನಕ ಬಿಟ್ಟುಬಂದರು. ಒಳ್ಳೆಯವರು. ಮರುದಿನ ಬೇರೆಯವರನ್ನು ಕರೆಸಿದರು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ಹೇಳಿದ್ದರೆ ನೀನು ಬಂದು ಎಳೆದುಕೊಂಡು ಹೋಗುತ್ತಿದ್ದೆ. ಚೂಟಿ ತನ್ನ ಅಮ್ಮನ ಕೈಬಿಟ್ಟು ಈ ಕುರುಡಿಯ ಕೈ ಹಿಡಿಯಬೇಕಾಗಿತ್ತು. ಕೊಡುವುದಕ್ಕೆ ನನ್ನಲ್ಲಿ ಏನೂ ಇಲ್ಲದಾಗ ಹಕ್ಕಿನ ಮಾತು ಹೇಗೆ ಆಡಲಿ? ಅವಳಿಗೆ ಏನೂ ಹೇಳಬೇಡ.

ನಿನ್ನ ಅಕ್ಕ


೯ ಅಕ್ಟೋಬರ್ ೧೯೩೩

ಅಕ್ಕ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಅಂದಿನಿಂದ ಏಣಿ ಹತ್ತಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೀ ಎಂದು ಬರೆದೆನಲ್ಲ ನಾನು. ಬಿಂಕ ಅಂದುಕೊಂಡೆ. ಸೋಮಾರಿ ಅಂದೆ. ಇನ್ನು ಏನು ಬರೆದರೂ ನನ್ನ ಮಾತು ನನಗೇ ಹೇಸಿಗೆಯಾಗುತ್ತದೆ.

ಬಂದುಬಿಡು. ನಾನು ಬಂದು ಕರೆದುಕೊಂಡು ಬರುತ್ತೇನೆ, ದಿನ ಹೇಳು ಸಾಕು. ಮನೆ ಚಿಕ್ಕದು, ಆದರೂ ಬಿಸಿಲುಮಚ್ಚಿನ ಕೋಣೆ ಖಾಲಿಯಿದೆ. ಬರುವ ತಿಂಗಳು ಮೊದಲ ಶನಿವಾರ ಸಂಜೆ ಪುರಭವನದಲ್ಲಿ ಚೂಟಿಯ ನಾಟಕವಿದೆ. ಊರಿನ ಹವ್ಯಾಸಿ ತಂಡ, ಅವಳದೇ ಮುಖ್ಯ ಪಾತ್ರ. ಬೇಡ ಅಂದರೂ ಕೇಳಲಿಲ್ಲ. "ಅತ್ತೆ ಮಾಡಬಹುದು, ನಾನು ಮಾಡಬಾರದಾ?" ಎಂದು ನನ್ನನ್ನೇ ಕೇಳುತ್ತಾಳೆ. ಏನು ಹೇಳಲಿ?

ಕೆಳಗೆ ಇವಳು ಎರಡು ಸಾಲು ಬರೆದಿದ್ದಾಳೆ.

ನಿನ್ನ ತಮ್ಮ

*ಅಕ್ಕಾ, ಬನ್ನಿ. ಅವಳು ನಿಮ್ಮ ಮಗಳು, ನಾನು ಮರೆತಿಲ್ಲ. ಆದರೆ ಅವಳಿಗೆ ಹೇಳೋದು ನನ್ನ ಕೈಲಾಗಲ್ಲ. ನೀವೇ ಹೇಳಿ. ನಾನು ಪಕ್ಕದ ಕೋಣೇಲಿ ಇರ್ತೀನಿ.*


೧೨ ನವೆಂಬರ್ ೧೯೩೩

ಪ್ರೀತಿಯ ತಮ್ಮನಿಗೆ,

ನೀನು ಎರಡು ಸಲ ತಂತಿ ಕಳಿಸಿದ್ದೀ. ನಾಟಕದ ದಿನ ಇಡೀ ಸಂಜೆ ಬಾಗಿಲು ಕಾಯುತ್ತಿದ್ದೆ ಎಂದಿದ್ದೀ. ಮುಂದಿನ ಬಾಗಿಲು ಕಾದಿರುತ್ತೀ. ನಾವು ಪಕ್ಕದ ಬಾಗಿಲಿನಿಂದ ಬಂದೆವು, ಆಟ ಶುರುವಾದ ಮೇಲೆ.

ಜನ ಗುರುತಿಸದಿರಲಿ ಎಂದು ಕಪ್ಪು ಕನ್ನಡಕ ಹಾಕಿ, ತಲೆಗೆ ಸೆರಗು ಹೊದೆಸಿ, ಹೊಲಿಗೆಯಮ್ಮ ಕೊನೆಯ ಸಾಲಿನಲ್ಲಿ ನನ್ನನ್ನು ಕೂರಿಸಿದಳು. ಅವಳು ಏನೇನೋ ಕಿವಿಯಲ್ಲಿ ಹೇಳುತ್ತಿದ್ದಳು, ಹಸಿರು ಬಟ್ಟೆ, ಉದ್ದ ಜಡೆ, ನನ್ನದೇ ಹಣೆ ಎಂದು. ನಾನು ಸುಮ್ಮನಿರು ಅಂದೆ. ಚೂಟಿ ಮಾತು ಶುರುಮಾಡಿದ್ದಳು. ತಮ್ಮಾ, ಯಾರು ಕಲಿಸಿದರು ಅವಳಿಗೆ, ವಾಕ್ಯದ ಕೊನೆಯನ್ನು ಕೆಳಗೆ ಬಿಡದೆ ಎತ್ತಿ ಹಿಡಿಯುವುದನ್ನು? ಕೊನೆಯ ಸಾಲಿನಲ್ಲಿದ್ದ ನನ್ನ ಹತ್ತಿರ ಬಂದು ಹೇಳಿದ ಹಾಗಿತ್ತು. ಎರಡನೆಯ ಅಂಕದಲ್ಲಿ ಒಂದು ಮಾತು ಮರೆತಳು, ನಿನಗೆ ಗೊತ್ತಾಗಿರಲಿಕ್ಕಿಲ್ಲ. ಉಸಿರು ಎಳೆದುಕೊಂಡು ಮುಂದಿನ ಮಾತಿಗೆ ಹಾರಿದಳು.

ಆಟ ಮುಗಿದ ಮೇಲೆ ನಿಮ್ಮನ್ನು ಹುಡುಕಿ ಬರಬೇಕೆಂದೇ ಇದ್ದೆ. ನಿಜ ಹೇಳುತ್ತೇನೆ, ಅದಕ್ಕೇ ಬಂದಿದ್ದೆ. ಹೇಳಬೇಕಾದ ಮಾತನ್ನು ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ನೂಕುನುಗ್ಗಲಿನಲ್ಲಿ ಹೊಲಿಗೆಯಮ್ಮನ ಕೈ ತಪ್ಪಿತು. ಗೋಡೆ ಸವರುತ್ತಾ ಎಲ್ಲಿಗೋ ಬಂದೆ. ಬಣ್ಣದ ವಾಸನೆ ಬಂತು, ರಂಗದ ಹಿಂದಿನ ಹಜಾರ ಇರಬೇಕು. ಯಾರೋ ಮೊಣಕೈ ಹಿಡಿದರು.

"ಮೆಟ್ಟಿಲಿದೆ ಅಮ್ಮಾ, ನಿಧಾನ."

ಅವಳೇ. ದಾರಿಯಲ್ಲಿ ಸಿಕ್ಕ ಯಾವ ಹೆಂಗಸಿಗಾದರೂ ಅನ್ನುವ ಅಮ್ಮಾ ಅದು, ನನಗೆ ಗೊತ್ತು.

"ನಾಟಕ ನೋಡೋಕ್ ಬಂದಿದ್ರಾ?" ಅಂದಳು.

"ಹೂಂ."

"ಹಿಂದೆ ಕೂತಿದ್ರಾ? ಕೇಳಿಸ್ತಾ?"

"ಒಂದೊಂದು ಅಕ್ಷರಾನೂ ಕೇಳಿಸ್ತು" ಅಂದೆ. "ಎರಡನೇ ಅಂಕದಲ್ಲಿ ಒಂದು ಮಾತು ಬಿಟ್ಟೆ."

ಅವಳು ನಕ್ಕಳು. "ಅಯ್ಯೋ, ಯಾರಿಗೂ ಹೇಳ್ಬೇಡಿ. ನಮ್ಮತ್ತೆ ಬರ್ತಾರೆ ಅಂದಿದ್ರು, ಅದಕ್ಕೇ ಗಾಬರಿ ಆಯ್ತು. ಸಿನಿಮಾದಲ್ಲಿದಾರೆ, ದೊಡ್ಡವರು. ಬರಲಿಲ್ಲ. ಯಾವತ್ತೂ ಬರಲ್ಲ ಬಿಡಿ."

ಬಾಯಿಪಾಠ ಮಾಡಿದ್ದೆಲ್ಲ ನಾಲಿಗೆಯ ಮೇಲೇ ಇತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಹಜಾರದ ಆ ತುದಿಯಿಂದ ನಿನ್ನ ಹೆಂಡತಿ ಅವಳ ಹೆಸರು ಕೂಗಿದಳು. ಆ ಕೂಗಿನಲ್ಲಿ ಎಷ್ಟು ಹೆಮ್ಮೆಯಿತ್ತು ಎಂದು ನಿನಗೆ ಹೇಗೆ ಹೇಳಲಿ. ಚೂಟಿ, "ಬಂದೆ ಅಮ್ಮಾ" ಎಂದು ಉತ್ತರ ಕೊಟ್ಟಳು. ಅದು ನನಗೆ ಅಂದ ಅಮ್ಮಾ ಅಲ್ಲ. ಎರಡಕ್ಕೂ ಇರುವ ದೂರವನ್ನು ನನ್ನ ಹಾಗೆ ಕಿವಿಯಲ್ಲೇ ಬದುಕುವವರು ಮಾತ್ರ ಅಳೆಯಬಲ್ಲರು. ಬಾಯಿ ಮುಚ್ಚಿಕೊಂಡೆ.

"ನಿಮ್ಮ ಜತೆ ಯಾರೂ ಇಲ್ವಾ?" ಎಂದು ಕೇಳಿದಳು. "ಇದಾರೆ, ಬರ್ತಾರೆ. ನೀನು ಹೋಗು" ಅಂದೆ. ನನ್ನನ್ನು ಒಂದು ಬೆಂಚಿನ ಮೇಲೆ ಕೂರಿಸಿ, ಕೆನ್ನೆಯ ಹತ್ತಿರ ಬಂದು, "ಇಲ್ಲೇ ಇರಿ, ಎಲ್ಲೂ ಹೋಗ್ಬೇಡಿ" ಎಂದು ಹೇಳಿ ಓಡಿದಳು. ಅಷ್ಟರಲ್ಲಿ ಹೊಲಿಗೆಯಮ್ಮ ಹುಡುಕಿಕೊಂಡು ಬಂದಳು, ಸ್ಟೇಷನ್ನಿಗೆ ಹೋಗೋಣ ಅಂದೆ.

ಅವಳು ಚಿತ್ರಗಳಲ್ಲಿ ನಟಿಸಲು ಹೋಗಿಯೇ ಹೋಗುತ್ತಾಳೆ, ನೀನು ಕಟ್ಟಿಹಾಕಿದರೂ ನಿಲ್ಲುವುದಿಲ್ಲ. ಆ ಆಸೆ ಯಾವುದು ಎಂದು ನಾನು ಬಲ್ಲೆ. ಹೋಗುವ ದಿನ ಇಷ್ಟು ಮಾತ್ರ ಹೇಳು, ದೀಪವನ್ನು ನೇರ ನೋಡಬಾರದಂತೆ, ಯಾರು ಏನೇ ಅಂದರೂ ಕಣ್ಣು ಮಿಟುಕಿಸಬೇಕಂತೆ. ಅತ್ತೆ ಹೇಳಿದರು ಎಂದು ಹೇಳಿದರೆ ಸಾಕು.

ರೈಲು ಹೊರಟ ಮೇಲೆ ಹೊಲಿಗೆಯಮ್ಮ ನನ್ನ ತೋಳು ನೋಡಿ, "ಮೊಣಕೈ ಹತ್ರ ಬಣ್ಣ ಮೆತ್ಕೊಂಡಿದೆ. ಬೆರಳಿನ ಗುರುತು. ಒರೆಸಲಾ?" ಎಂದು ಕೇಳಿದಳು.

ಯಾವ ಬಣ್ಣ ಎಂದು ಕೇಳಿದೆ.

"ಕೆಂಪು" ಅಂದಳು.

ಇರಲಿ ಬಿಡು ಅಂದೆ.

ನಿನ್ನ ಅಕ್ಕ